ಮೂರು ಟವರ್ ತೂಗುಸೇತುವೆಯಲ್ಲಿ ನಡುವಿನ ಟವರ್ ಎಷ್ಟು ಗಟ್ಟಿ ಇರ್ಬೇಕು? ನಾನು ಲೆಕ್ಕ ಹಾಕಿದ ರೀತಿ

ಎರಡೇ ಟವರ್ ಇದ್ದಾಗ ಟ್ರಾಫಿಕ್ ಭಾರಕ್ಕೆ ಟವರ್ ತುದಿ ಮೇನ್ ಸ್ಪ್ಯಾನ್ (ಎರಡು ಟವರ್ ನಡುವಿನ ಭಾಗ) ಕಡೆ ವಾಲೋಕೆ ನೋಡಿದ್ರೂ ಹಿಂದಿನ ಕೇಬಲ್ ಅದನ್ನ ಹಿಡಿದಿಡೋ ಭಾರೀ ದಿಮ್ಮಿಗೆ, ಅಂದ್ರೆ ಆಂಕರೇಜ್‌ಗೆ ಕಟ್ಟಿರೋದ್ರಿಂದ ಜಾಸ್ತಿ ವಾಲೋಕೆ ಬಿಡಲ್ಲ. ಮೂರು ಟವರ್ ಆದಾಗ ನಡುವಿನದಕ್ಕೆ ಆ ಆಸರೆ ಇಲ್ಲ, ಎರಡೂ ಕಡೆ ಜೋತುಬಿದ್ದಿರೋ ಉದ್ದ ಕೇಬಲ್ಲೇ. 1936ರ ಸ್ಯಾನ್ ಫ್ರಾನ್ಸಿಸ್ಕೊ–ಓಕ್ಲೆಂಡ್ ಬೇ ಬ್ರಿಡ್ಜ್‌ನವರು ಇದಕ್ಕೇ ಎರಡು ತೂಗುಸೇತುವೆ ಮಾಡಿ ಮಧ್ಯೆ ದೊಡ್ಡ ಆಂಕರೇಜ್ ಕಟ್ಟಿದ್ರು.

ನಾನು ಮಾಡೆಲ್ ಮಾಡುವಾಗ ಚೀನಾದ ತೈಝೌ ಸೇತುವೆ ಥರ 1080 ಮೀಟರ್‌ನ ಎರಡು ಸ್ಪ್ಯಾನ್, ಸ್ಪ್ಯಾನ್‌ನ 1/9ರಷ್ಟು ಸ್ಯಾಗ್ (ಕೇಬಲ್ ಮಧ್ಯೆ ಜೋತುಬೀಳೋ ಆಳ) ಇಟ್ಕೊಂಡೆ. ಮೊದಲು ಡೆಡ್ ಲೋಡ್‌ಗೆ ಕೇಬಲ್ ಶೇಪ್ ಕೂರಿಸಿ ಆಮೇಲೆ ಲೈವ್ ಲೋಡ್ (ಟ್ರಾಫಿಕ್ ಭಾರ) ಹಾಕ್ದೆ, ಯಾಕಂದ್ರೆ ಕೇಬಲ್‌ಗೆ ಬಿಗಿ ಬರೋದೇ ಸೇತುವೆಯ ಸ್ವಂತ ತೂಕದಿಂದ. ಎರಡೂ ಸ್ಪ್ಯಾನ್ ತುಂಬಿದ್ರೆ ನಡುವಿನ ಟವರ್ ಅಲ್ಲಾಡೋದೇ ಇಲ್ಲ, ಅದನ್ನ ನೋಡಿ ಸಮಾಧಾನ ಪಟ್ಕೋಬೇಡಿ. ಒಂದು ಸ್ಪ್ಯಾನ್ ತುಂಬಿಸಿ ಇನ್ನೊಂದು ಖಾಲಿ ಬಿಡಿ, ಆಗ ಟವರ್ ತುದಿ ಲೋಡ್ ಇರೋ ಕಡೆ ಸರಿಯತ್ತೆ, ಆ ಕಡೆಯ ಡೆಕ್ (ರಸ್ತೆ ಇರೋ ಹಾಸು) ಕೆಳಗೆ ಹೋಗತ್ತೆ, ಖಾಲಿ ಡೆಕ್ ಮೇಲೇಳತ್ತೆ.

ಹಾಗಾದ್ರೆ ಟವರ್ ಗಟ್ಟಿ ಮಾಡೋಣ ಅನ್ಸತ್ತಲ್ವಾ, ಇಲ್ಲೇ ಇರೋದು ಅಸಲಿ ವಿಷಯ. ಟವರ್ ವಾಲದೇ ನಿಂತ್ರೆ ಎರಡೂ ಕಡೆ ಕೇಬಲ್ ಟೆನ್ಷನ್ ಬೇರೆ ಬೇರೆ ಆಗತ್ತೆ, ಆ ವ್ಯತ್ಯಾಸವನ್ನ ಟವರ್ ತುದೀಲಿ ಕೇಬಲ್ ಕೂರೋ ಜಾಗ, ಅಂದ್ರೆ ಸ್ಯಾಡಲ್‌ನ ಫ್ರಿಕ್ಷನ್ನೇ ಹಿಡಿಬೇಕು. 1/9 ಸ್ಯಾಗ್‌ಗೆ ಕೇಬಲ್ ಪ್ರತಿ ಕಡೆ ಸುಮಾರು 24 ಡಿಗ್ರಿ ಇಳಿಯತ್ತೆ, ಒಟ್ಟು 48, ಅಂದ್ರೆ 0.84 ರೇಡಿಯನ್. ಫ್ರಿಕ್ಷನ್ ಗುಣಾಂಕ 0.2 ತಗೊಂಡ್ರೆ ಟೆನ್ಷನ್ ವ್ಯತ್ಯಾಸ ಶೇ. 18 ದಾಟಿದ್ರೆ ಕೇಬಲ್ ಜಾರತ್ತೆ, ಜಾರದ ಹಾಗೆ ಎರಡು ಪಟ್ಟು ಸೇಫ್ಟಿ ಬೇಕಂದ್ರೆ ಶೇ. 8–9ರೊಳಗೇ ಇರ್ಬೇಕು. ತುಂಬಾ ಕಮ್ಮಿ ಜಾಗ!

ಅದಕ್ಕೆ ನಾನು ಟವರ್ ಸ್ಟಿಫ್‌ನೆಸ್ ಒಂದನ್ನೇ ಬದಲಾಯಿಸ್ತಾ ಡೆಕ್ ಇಳಿತ ಮತ್ತು ಕೇಬಲ್ ಜಾರದಿರೋ ಸೇಫ್ಟಿ ಎರಡನ್ನೂ ಒಂದೇ ಗ್ರಾಫ್‌ನಲ್ಲಿ ಹಾಕ್ದೆ. ಸ್ಟಿಫ್‌ನೆಸ್ ಏರಿದ ಹಾಗೆ ಎರಡೂ ಇಳಿಯತ್ತೆ, ಇಳಿತ ಕಮ್ಮಿ ಆದ್ರೆ ಒಳ್ಳೇದು, ಸೇಫ್ಟಿ ಕಮ್ಮಿ ಆದ್ರೆ ಕೆಟ್ಟದ್ದು, ಎರಡೂ ಲಿಮಿಟ್ ಒಳಗೆ ಬರೋ ವ್ಯಾಪ್ತಿಯಲ್ಲೇ ಟವರ್ ಆರಿಸ್ಬೇಕು. 2012ರಲ್ಲಿ ಸಂಚಾರಕ್ಕೆ ತೆರೆದ ತೈಝೌನಲ್ಲಿ ನಡುವಿನ ಟವರ್ ಉಕ್ಕಿನದು, ಪಕ್ಕದಿಂದ ನೋಡಿದ್ರೆ ತಲೆಕೆಳಗಾದ ವೈ ಆಕಾರ, ಕೆಳಗೆ ಕಾಲು ಅಗಲಿಸಿ ನಿಂತಿದೆ, ಮೇಲೆ ಬಾಗೋಕೆ ಜಾಗ ಇದೆ. ನನ್ನ ಪ್ರಕಾರ ತುಂಬಾ ಚೆನ್ನಾಗಿ ಯೋಚಿಸಿದ ಟವರ್.

ಇನ್ನೊಂದು ಮಾತು, ಲೋಡ್ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬಂದಾಗ ಟವರ್ ಬುಡದಲ್ಲಿ ಬಾಗುವಿಕೆ ದಿಕ್ಕೇ ತಿರುಗತ್ತೆ, ಉಕ್ಕಿನ ಟವರ್ ಆದ್ರೆ ಅಲ್ಲಿನ ವೆಲ್ಡ್‌ಗಳಿಗೆ ಫಟೀಗ್ (ಪದೇ ಪದೇ ಬಾಗಿ ಬಿರುಕು ಬಿಡೋದು) ಚೆಕ್ ಬೇರೆಯಾಗೇ ಮಾಡಿ.