ಮದುವೆಗೆ ಬಿಳಿ ಉಡುವ ಮುನ್ನ

ಮದುವೆಗೆ ಹೊರಟ ಅತಿಥಿ ಬಿಳಿ ಉಡಬಹುದೇ ಎಂದು ಕೇಳಿದರೆ ‘ಕೂಡದು’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವವರೇ ಹೆಚ್ಚು. ಆ ಉತ್ತರ ಅರ್ಧ ಮಾತ್ರ ಸರಿ. ಕೆಲವು ಮದುವೆಗಳಲ್ಲಿ ಬಿಳುಪು ಮದುಮಗಳೊಬ್ಬಳಿಗೇ ಮೀಸಲು. ಕೆಲವೆಡೆ ನೆರೆದವರೆಲ್ಲರೂ ಉಡುವುದು ಅದನ್ನೇ. ಇನ್ನು ಕೆಲವೆಡೆ ಅದು ಸಾವಿನ ಮನೆಯ ಬಣ್ಣವಾದ್ದರಿಂದ ಶುಭಕಾರ್ಯದ ಹತ್ತಿರವೂ ಸುಳಿಯುವಂತಿಲ್ಲ. ಹೀಗಾಗಿ ಬಟ್ಟೆ ಆರಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ಈ ಮದುವೆಯಲ್ಲಿ ಬಿಳುಪು ಯಾರದು?

ಮದುಮಗಳದು ಎಂಬ ರೂಢಿ ಪಾಶ್ಚಾತ್ಯ ಮದುವೆಗಳಿಂದ ಬಂದದ್ದು, ಮತ್ತು ಅದು ನಾವು ಊಹಿಸುವಷ್ಟು ಹಳೆಯದೂ ಅಲ್ಲ. 19ನೆಯ ಶತಮಾನದವರೆಗೆ ಯುರೋಪಿನ ಸಾಧಾರಣ ಮನೆಯ ಹೆಣ್ಣುಮಗಳು ತನ್ನಲ್ಲಿದ್ದ ಒಳ್ಳೆಯ ಉಡುಪನ್ನೇ, ಅದು ನೀಲಿಯಾಗಿರಲಿ ಕಂದಾಗಿರಲಿ, ಮದುವೆಗೂ ತೊಟ್ಟು ಆಮೇಲೆ ಹಬ್ಬಹರಿದಿನಗಳಿಗೂ ಬಳಸುತ್ತಿದ್ದಳು. ಒಗೆದು ಬೆಳ್ಳಗೆ ಉಳಿಸಿಕೊಳ್ಳಲು ಆಳುಕಾಳು ಬೇಕಾಗುವ ಬಿಳಿಯ ಬಟ್ಟೆ ಉಳ್ಳವರ ಸೊತ್ತಾಗಿತ್ತು. ಸ್ಕಾಟ್ಲೆಂಡಿನ ರಾಣಿ ಮೇರಿ 1558ರಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನಲ್ಲಿ ಬಿಳಿ ತೊಟ್ಟು ಮದುವೆಯಾದಾಗ, ಫ್ರಾನ್ಸಿನ ರಾಣಿಯರಿಗೆ ಅದು ಶೋಕದ ಬಣ್ಣವಾಗಿತ್ತು. ಚಿತ್ರ ಬದಲಾದದ್ದು 1840ರ ಫೆಬ್ರವರಿ 10ರಂದು, ವಿಕ್ಟೋರಿಯಾ ರಾಣಿ ಕೆನೆಛಾಯೆಯ ಬಿಳಿ ಸ್ಯಾಟಿನ್ ಉಡುಪಿನಲ್ಲಿ, ಕಿರೀಟದ ಬದಲು ಕಿತ್ತಳೆ ಹೂವಿನ ದಂಡೆ ಮುಡಿದು ರಾಜಕುಮಾರ ಆಲ್ಬರ್ಟ್‌ನನ್ನು ವರಿಸಿದಾಗ. ಆ ರೇಷ್ಮೆ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ನೇಯ್ದದ್ದು, ಲೇಸು ಡೆವನ್ ಪ್ರಾಂತದ ಹೆಂಗಸರು ಕೈಯಲ್ಲಿ ಹೆಣೆದದ್ದು. ಯಂತ್ರದ ಲೇಸು ಬಂದು ಕೆಲಸ ಕಳೆದುಕೊಳ್ಳುತ್ತಿದ್ದ ಆ ಕುಶಲಕರ್ಮಿಗಳಿಗೆ ಬೇಡಿಕೆ ಹುಟ್ಟಿಸುವುದೂ ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ಬಿಳುಪೆಂದರೆ ಕನ್ಯಾಶುದ್ಧತೆ ಎಂಬ ವ್ಯಾಖ್ಯಾನ ಬಲವಾಗಿ ಅಂಟಿಕೊಂಡದ್ದು ಆ ಬಳಿಕ. ಎರಡನೆಯ ಮದುವೆಯ ವಧು ಬಿಳಿ ತೊಡಬಾರದೆಂಬ ಕಟ್ಟಳೆಯೂ ಆ ವ್ಯಾಖ್ಯಾನದ ಕೂಸೇ. ಇಂದು ಅದನ್ನು ಹಿಡಿದು ಕೂರುವವರು ಕಡಿಮೆ, ಕೂರಬೇಕಾದ ಕಾರಣವೂ ಇಲ್ಲ.

ಮದುಮಗಳು ಬಿಳಿ ಗೌನ್ ತೊಡುವ ಮದುವೆಗೆ ನಿಮಗೆ ಕರೆ ಬಂದಿದ್ದರೆ ನಿಯಮ ಸರಳ: ನೀವು ಬಿಳಿ ತೊಡಬೇಡಿ. ಮದುವೆಯ ಮುನ್ನಾದಿನದ ಊಟ, ಗೆಳತಿಯರ ಕೂಟ, ಸಂಜೆಯ ಆರತಕ್ಷತೆ ಇವಕ್ಕೂ ಇದೇ ಮಾತು ಅನ್ವಯಿಸುತ್ತದೆ, ಏಕೆಂದರೆ ಈಗಿನ ವಧುಗಳು ಅಲ್ಲಿಯೂ ಬಿಳಿಯನ್ನೇ ಆರಿಸಿಕೊಳ್ಳುವುದುಂಟು. ತೊಡಕಿರುವುದು ಅಪ್ಪಟ ಬಿಳಿಯಲ್ಲಲ್ಲ, ಅದರ ನೆಂಟರಲ್ಲಿ. ಕೆನೆಬಣ್ಣ, ದಂತದ ಬಣ್ಣ, ಮುತ್ತಿನ ಬಣ್ಣ ಇವೆಲ್ಲ ಬಿಳುಪಿನ ಮನೆಯವೇ ಎಂದು ತಿಳಿಯಿರಿ; ವಧುವಿನ ಉಡುಪು ಎಷ್ಟೋ ಸಲ ಇವುಗಳಲ್ಲೇ ಒಂದಾಗಿರುತ್ತದೆ. ತೀರ ತೆಳುವಾದ ಗುಲಾಬಿ, ನಸುಹಳದಿ, ತಿಳಿನೀಲಿ, ಬೆಳ್ಳಿಬಣ್ಣಗಳು ಕಣ್ಣಿಗೆ ಬೇರೆಯಾಗಿ ಕಂಡರೂ ಕ್ಯಾಮೆರಾಕ್ಕೆ ಹಾಗೆ ಕಾಣಬೇಕೆಂದಿಲ್ಲ. ಬಿಸಿಲಿನಲ್ಲಿಯೋ ಫ್ಲ್ಯಾಶ್ ಬೆಳಕಿನಲ್ಲಿಯೋ ಚಿತ್ರ ಸ್ವಲ್ಪ ಹೆಚ್ಚು ಬೆಳಗಿದರೂ ಇಂಥ ಬಣ್ಣಗಳು ತೊಳೆದುಹೋಗಿ ಬರೀ ಬಿಳುಪು ಉಳಿಯುತ್ತದೆ. ಅನುಮಾನವಿದ್ದರೆ ಉಡುಪನ್ನು ತೊಟ್ಟು ನಡುಹಗಲಿನ ಬಿಸಿಲಿನಲ್ಲಿ ಒಂದು, ರಾತ್ರಿ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆಸಿಕೊಳ್ಳಿ, ಪಕ್ಕದಲ್ಲಿ ಒಂದು ಬಿಳಿ ಕಾಗದ ಹಿಡಿದುಕೊಳ್ಳಿ. ಚಿತ್ರದಲ್ಲಿ ಕಾಗದಕ್ಕೂ ಬಟ್ಟೆಗೂ ವ್ಯತ್ಯಾಸ ತಿಳಿಯದಿದ್ದರೆ ಆ ಉಡುಪನ್ನು ಬೇರೊಂದು ದಿನಕ್ಕೆ ಇಟ್ಟುಕೊಳ್ಳಿ.

ಬಿಳಿಯ ಮೇಲೆ ಹೂಬಳ್ಳಿಗಳಿರುವ ಬಟ್ಟೆಯ ಬಗ್ಗೆ ವಾದ ಮುಗಿಯುವುದೇ ಇಲ್ಲ. ನನ್ನ ಅಳತೆ ಇಷ್ಟೇ: ಹತ್ತು ಹೆಜ್ಜೆ ದೂರ ನಿಂತು ನೋಡಿದವರಿಗೆ ಮೊದಲು ಕಾಣುವುದು ಹೂವಾದರೆ ತೊಡಿ, ಬಿಳುಪಾದರೆ ಬಿಡಿ. ನೆಲ ಮುಟ್ಟುವ ಉದ್ದ, ಲೇಸು, ಮಣಿಕೆಲಸ ಇವು ಜೊತೆಗೂಡಿದಷ್ಟೂ ಬಣ್ಣದ ವಿಷಯದಲ್ಲಿ ಹೆಚ್ಚು ಬಿಗಿಯಾಗಿರುವುದು ಒಳ್ಳೆಯದು. ತೆಳುಬಣ್ಣದ ಸಾದಾ ಕುಪ್ಪಸಕ್ಕಿಂತ ತೆಳುಬಣ್ಣದ ಲೇಸಿನ ಗೌನ್ ಹತ್ತು ಪಟ್ಟು ವಧುವಿನ ಉಡುಪಿನಂತೆ ಕಾಣುತ್ತದೆ.

ಗಂಡಸರಿಗೆ ಬಿಳಿ ಅಂಗಿ ಎಂದೂ ಸಮಸ್ಯೆಯಲ್ಲ. ಅತ್ಯಂತ ಔಪಚಾರಿಕವಾದ ಪಾಶ್ಚಾತ್ಯ ಪೋಷಾಕಿನಲ್ಲಂತೂ ಅಂಗಿ, ವೇಸ್ಟ್‌ಕೋಟು, ಬೋ ಟೈ ಮೂರೂ ಬಿಳಿಯೇ. ಆದರೆ ಅಡಿಯಿಂದ ಮುಡಿಯವರೆಗೆ ಬಿಳಿ ಸೂಟು ತೊಡುವುದಾದರೆ ವರನು ಏನು ತೊಡುತ್ತಾನೆಂದು ವಿಚಾರಿಸಿಕೊಂಡೇ ತೊಡಿ.

ವಧುವಿನ ಸಖಿಯರು ಬಿಳಿ ತೊಟ್ಟರೆ ಅದು ಅಪಚಾರವೇನಲ್ಲ. ವಿಕ್ಟೋರಿಯಾಳ ಉಡುಪಿನ ಹಿಂದೆ ನೆಲಕ್ಕಿಳಿದ ಉದ್ದನೆಯ ಜೋಲನ್ನು ಹಿಡಿದು ನಡೆದ 12 ಮಂದಿಯೂ ಬಿಳಿಯಲ್ಲೇ ಇದ್ದರು, 2011ರಲ್ಲಿ ಬ್ರಿಟನ್ನಿನ ರಾಜಕುಮಾರ ವಿಲಿಯಂ ಅವರ ಮದುವೆಯಲ್ಲಿ ವಧುವಿನ ತಂಗಿಯೂ ಬಿಳಿಯನ್ನೇ ತೊಟ್ಟಿದ್ದರು. ವ್ಯತ್ಯಾಸ ಇಲ್ಲಿದೆ: ಅವರು ಮದುವೆಯ ಮನೆಯವರು ಒಪ್ಪಿ ಕೊಟ್ಟ ಬಿಳಿಯನ್ನು ತೊಟ್ಟವರು. ಹೂ ಚೆಲ್ಲುತ್ತ ನಡೆಯುವ ಪುಟ್ಟ ಹುಡುಗಿಯರಿಗೂ, ವಧೂವರರ ತಾಯಂದಿರಿಗೂ ಇದೇ ದಾರಿ. ತಾಯಂದಿರ ಉಡುಪಿನ ವಿಷಯದಲ್ಲಿ ‘ಅಮ್ಮನಿಗೆ ಯಾರು ಏನನ್ನುತ್ತಾರೆ’ ಎಂಬ ಧೈರ್ಯದಿಂದ ದಂತದ ಬಣ್ಣದ ರೇಷ್ಮೆ ಕೊಂಡು ತಂದು ಆಮೇಲೆ ಮನಸ್ತಾಪವಾಗುವುದುಂಟು. ಕೊಳ್ಳುವ ಮೊದಲೇ ಮದುಮಗಳಿಗೆ ಬಟ್ಟೆಯ ತುಣುಕನ್ನು ತೋರಿಸಿದರೆ ಆ ಪ್ರಸಂಗವೇ ಬರುವುದಿಲ್ಲ.

ಪೂರ್ವದ ದೇಶಗಳಿಗೆ ಬಂದರೆ ಲೆಕ್ಕ ಬೇರೆ. ಜಪಾನಿನ ಶಿಂಟೋ ವಿವಾಹದಲ್ಲಿ ವಧು ‘ಶಿರೋಮುಕು’ ಎಂಬ, ಒಳಗೂ ಹೊರಗೂ ಬಿಳಿಯಾದ ಕಿಮೋನೊ ತೊಟ್ಟು, ವಿಧಿ ಮುಗಿದ ಮೇಲೆ ಬಣ್ಣದ ನಿಲುವಂಗಿಗೆ ಬದಲಾಯಿಸಿಕೊಳ್ಳುವುದುಂಟು. ಅತಿಥಿ ಹೆಂಗಸರು ಬಿಳಿಯನ್ನು ಬಿಟ್ಟುಕೊಡುತ್ತಾರೆ. ಆದರೆ ಅಲ್ಲಿ ಗಂಡಸರ ರೂಢಿಯ ಉಡುಗೆ ಕಪ್ಪು ಸೂಟಿನ ಮೇಲೆ ಬಿಳಿ ಟೈ. ಅದೇ ಸೂಟಿಗೆ ಕಪ್ಪು ಟೈ ಕಟ್ಟಿದರೆ ಅದು ಶವಸಂಸ್ಕಾರದ ಉಡುಗೆಯಾಗುತ್ತದೆ, ಆದ್ದರಿಂದ ಟೈ ಆರಿಸುವಾಗ ಎಚ್ಚರವಿರಲಿ. ಕೊರಿಯಾದಲ್ಲಿ ವಧುವಿನ ತಾಯಿ ಗುಲಾಬಿ ಛಾಯೆಯ ‘ಹಾನ್‌ಬೊಕ್’ ಎಂಬ ಸಾಂಪ್ರದಾಯಿಕ ಉಡುಗೆ, ವರನ ತಾಯಿ ನೀಲಿ ಛಾಯೆಯದು ತೊಡುವ ವಾಡಿಕೆಯಿದೆ, ಬಿಳಿ ಗೌನಿನ ವಧುವಿನ ಮುಂದೆ ಬಿಳಿ ತೊಟ್ಟು ಬಂದ ಅತಿಥಿಯನ್ನು ಜನ ಆಡಿಕೊಳ್ಳದೆ ಬಿಡುವುದಿಲ್ಲ. ಚೀನೀ ಸಂಪ್ರದಾಯದಲ್ಲಿ ಶುಭಕ್ಕೆ ಕೆಂಪು, ಶೋಕಕ್ಕೆ ಬಿಳಿ. ಈಗಿನ ವಧು ಬಿಳಿ ಗೌನ್ ತೊಟ್ಟು ನಂತರ ಕೆಂಪು ಉಡುಪಿಗೆ ಬದಲಾಯಿಸಿಕೊಂಡರೂ ಅತಿಥಿ ಇವೆರಡನ್ನೂ ತೊಡದಿರುವುದೇ ಕ್ಷೇಮ, ಉಡುಗೊರೆಯ ಹಣವನ್ನು ಬಿಳಿ ಲಕೋಟೆಯಲ್ಲಿ ಕೊಡುವುದಂತೂ ಸಲ್ಲದು.

ಇದಕ್ಕೆ ತಿರುಗಿದ ಉದಾಹರಣೆಗಳೂ ಇವೆ. ಇಥಿಯೋಪಿಯಾದ ಮದುವೆಗಳಲ್ಲಿ ಬಣ್ಣದ ಕಸೂತಿ ಅಂಚಿನ, ಕೈಮಗ್ಗದ ಬಿಳಿ ಹತ್ತಿಯ ‘ಹಬೆಶಾ ಕೆಮಿಸ್’ ಬಂಧುಬಳಗದ ಹೆಂಗಸರೆಲ್ಲರ ಹಬ್ಬದ ಉಡುಗೆ. ಹಿಂದೂ ಸಂಪ್ರದಾಯದಲ್ಲಿ ಬಿಳಿ ವೈಧವ್ಯದ ಬಣ್ಣವೆಂಬ ಮಾತು ಬಹಳ ಕಡೆ ನಿಜವಾದರೂ ಕೇರಳದ ಚಿನ್ನದಂಚಿನ ‘ಕಸವು’ ಸೀರೆ, ಅಸ್ಸಾಮಿನ ವಧುವಿನ ಕೆನೆಬಣ್ಣದ ರೇಷ್ಮೆಯ, ಎರಡು ತುಂಡಿನ ‘ಮೇಖೇಲಾ ಚಾದರ್’, ಗುಜರಾತಿನ ಕೆಂಪಂಚಿನ ಬಿಳಿ ‘ಪಾನೇತರ್’ ಸೀರೆ ಇವೆಲ್ಲ ಮಂಗಳದ ಉಡುಗೆಗಳೇ. ಅಂಚಿನ ಬಣ್ಣವೇ ಇಲ್ಲಿ ಬಿಳುಪಿನ ಅರ್ಥವನ್ನು ಬದಲಿಸುತ್ತದೆ. ನಿಮ್ಮ ಸಮುದಾಯದ ಹಬ್ಬದ ಉಡುಗೆಯೇ ಬಿಳಿಯಾಗಿದ್ದು, ಹೋಗುತ್ತಿರುವ ಮದುವೆ ಬೇರೆ ರೂಢಿಯದಾದರೆ ಒಂದು ಮಾತು ಕೇಳಿಯೇ ಹೊರಡಿ. ‘ಹೆಮ್ಮೆಯ ಉಡುಗೆ, ತೊಟ್ಟುಬನ್ನಿ’ ಎಂಬ ಉತ್ತರವೇ ಬರಬಹುದು.

ಕೇಳುವುದಕ್ಕೂ ಒಂದು ಕ್ರಮವಿದೆ. ಮೊದಲು ಆಮಂತ್ರಣವನ್ನು ಪೂರ್ತಿ ಓದಿ. ಎಲ್ಲರೂ ಬಿಳಿ ತೊಟ್ಟು ಬರಬೇಕೆಂದು ಕೋರುವ ಮದುವೆಗಳೂ ಇವೆ, ಆಗ ಕೆಂಪು ತೊಟ್ಟು ಹೋಗುವುದೇ ಒರಟುತನ. ಅಲ್ಲಿ ಏನೂ ಇಲ್ಲದಿದ್ದರೆ ವಧುವಿನ ಅಕ್ಕತಂಗಿಯರನ್ನೋ ಆಪ್ತ ಗೆಳತಿಯನ್ನೋ ಮದುವೆಗೆ ಕೆಲವು ವಾರ ಮುಂಚೆಯೇ ಕೇಳಿ, ಉಡುಪಿನ ಫೋಟೋ ಕಳಿಸಿ. ಕೊನೆಯ ವಾರದಲ್ಲಿ ಮದುಮಗಳನ್ನೇ ಕೇಳಿದರೆ ಆಕೆ ದಾಕ್ಷಿಣ್ಯಕ್ಕೆ ‘ಪರವಾಗಿಲ್ಲ’ ಎಂದುಬಿಡುತ್ತಾಳೆ. ಆ ‘ಪರವಾಗಿಲ್ಲ’ವನ್ನು ಒಪ್ಪಿಗೆಯೆಂದು ತಿಳಿಯಬೇಡಿ.

ಮದುಮಗಳಿಗೂ ಒಂದು ಸಲಹೆ. ಸಹಜ ರೇಷ್ಮೆ ಕೆನೆಯತ್ತ ವಾಲುತ್ತದೆ. ಕಣ್ಣು ಕುಕ್ಕುವ ಬಿಳುಪು ಬಹುಮಟ್ಟಿಗೆ ಬೆಳ್ಪೇರಿಸುವ ರಾಸಾಯನಿಕಗಳ ಕೆಲಸ, ನೇರಳಾತೀತ ಬೆಳಕಿನ ದೀಪಗಳಡಿ ಅದು ನೀಲಿಯಾಗಿ ಹೊಳೆಯುತ್ತದೆ. ಗೌನ್, ಮುಸುಕು, ಪಾದರಕ್ಷೆ ಮೂರನ್ನೂ ಒಟ್ಟಿಗೆ ಹಗಲು ಬೆಳಕಿನಲ್ಲಿ ಇಟ್ಟು ನೋಡದೆ ಕೊಂಡರೆ, ಒಂದರ ಪಕ್ಕ ಇನ್ನೊಂದು ಮಾಸಲಾಗಿ ಕಾಣುವ ಅಪಾಯವಿದೆ.

ಇಷ್ಟಾದರೂ ಮಂಟಪಕ್ಕೆ ಕಾಲಿಟ್ಟ ಮೇಲೆ ನಿಮ್ಮ ಉಡುಪು ಬಿಳಿಯಾಗಿ ಕಾಣುತ್ತಿದೆಯೆಂದು ಅರಿವಾದರೆ ಗಾಬರಿ ಬೇಡ. ಬಣ್ಣದ ಶಾಲೋ ಗೆಳೆಯರ ಕೋಟೋ ಹೊದ್ದುಕೊಳ್ಳಿ, ಗುಂಪಿನ ಫೋಟೋದಲ್ಲಿ ಹಿಂದಿನ ಸಾಲಿಗೆ ಸರಿಯಿರಿ, ವಧುವಿನ ಬಳಿ ಹೋಗಿ ಕ್ಷಮೆಯ ಭಾಷಣ ಮಾಡಬೇಡಿ. ತಪ್ಪಿದವರು ಬೇರೆ ಯಾರೋ ಆಗಿದ್ದರೆ ಸುಮ್ಮನಿರಿ. ಅಂಥವರ ಮೇಲೆ ಕೆಂಪು ಪಾನೀಯ ಚೆಲ್ಲುವುದು ಕತೆಗಳಲ್ಲಿ ಚಂದ. ನಿಜವಾದ ಮದುವೆಯಲ್ಲಿ ಹಾಗೆ ಮಾಡಿದರೆ ಜನರ ಕಣ್ಣು ಆ ಕಲೆಯ ಮೇಲೇ ನೆಟ್ಟು, ಮದುಮಗಳ ಕಡೆಗೆ ನೋಡುವವರೇ ಇಲ್ಲವಾಗುತ್ತಾರೆ.