ಓವರ್ ನಡುವಿನ ಹತ್ತು ಸೆಕೆಂಡು: ಲೆಕ್ಕ ಕೊನೆಗೂ ಕುದುರಿದ್ದು ಹೀಗೆ

ಟಿ20 ಪಂದ್ಯದ ಬ್ರೇಕಿನಲ್ಲಿ ನಮ್ಮ ವೆಬ್‌ಸೈಟಿಗೆ ಬಂದವರು ಟಿವಿಯಲ್ಲಿ ನಮ್ಮ ಜಾಹೀರಾತು ನೋಡಿ ಬಂದರೋ, ಆಟ ನಿಂತಿತೆಂದು ಫೋನ್ ಕೈಗೆತ್ತಿಕೊಂಡು ಬಂದರೋ? ಇವೆರಡನ್ನು ಬೇರ್ಪಡಿಸಲು ಸಾಧ್ಯವೇ ಇಲ್ಲ ಎಂದವರೇ ಹೆಚ್ಚು. ನಾವು ಜಾಹೀರಾತು ಕೊಟ್ಟ ಮೂರನೇ ಟೂರ್ನಿಯಲ್ಲಿ ಸಾಧ್ಯವಾಯಿತು. ಮೊದಲೆರಡರ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಮೊದಲ ಸಲ ಬಜೆಟ್ಟಿನ ಅರ್ಧಕ್ಕಿಂತ ಹೆಚ್ಚು ಫೈನಲ್, ಸೆಮಿಫೈನಲ್‌ಗೆ ಸುರಿದದ್ದೇ ತಪ್ಪು. ಆ ಬ್ರೇಕುಗಳೆಂದರೆ ಸಂತೆ. ನಮ್ಮದೇ ಸರಕಿನ ದೊಡ್ಡ ಹೆಸರು ಪಕ್ಕದ ಸ್ಪಾಟಿನಲ್ಲಿ (ಒಂದು ಜಾಹೀರಾತಿನ ಸರದಿಯಲ್ಲಿ) ಇದ್ದರೆ, ನಮ್ಮ ಫಿಲ್ಮ್ ನೋಡಿದವರೂ ಹುಡುಕುವುದು ಅವರನ್ನೇ. ಇನ್ನು ಒಂದೇ ಏಟಿಗೆ ಜನ ನುಗ್ಗಿದರೆ ಸರ್ವರ್ ತಡೆಯಬೇಕಲ್ಲ. 2022ರ ಸೂಪರ್ ಬೌಲ್‌ನಲ್ಲಿ (ಅಮೆರಿಕನ್ ಫುಟ್‌ಬಾಲ್ ಫೈನಲ್) ಕ್ರಿಪ್ಟೊ ಕಂಪನಿ ಕಾಯಿನ್‌ಬೇಸ್ 60 ಸೆಕೆಂಡು ಬರೀ ಕ್ಯೂಆರ್ ಕೋಡ್ ತೇಲಿಸಿದಾಗ ಅವರ ಆ್ಯಪ್ಪೇ ಸ್ವಲ್ಪ ಹೊತ್ತು ಮಲಗಿತ್ತು.

ಎರಡನೇ ಸಲ ಕೆಟ್ಟದ್ದು ಹೋಲಿಕೆ. ಓವರ್ ನಡೆಯುವಾಗ ಭೇಟಿಗಳು ಇಳಿಯುತ್ತವೆ, ಬ್ರೇಕಿನಲ್ಲಿ ತಾವಾಗಿಯೇ ಏರುತ್ತವೆ. ಮೂರು ನಿಮಿಷದ ಅವಧಿಯಲ್ಲಿ ಓವರಿನ ವೇಳೆ 60, ಜಾಹೀರಾತಿದ್ದ ಬ್ರೇಕಿಗೆ 180 ಬಂದರೆ 120 ನಮ್ಮದೆಂದು ಬೀಗಿದ್ದೆವು. ಜಾಹೀರಾತೇ ಇಲ್ಲದ ಬ್ರೇಕಿಗೂ 120ರ ಆಸುಪಾಸು ಬರುತ್ತಿತ್ತು! ಅಂದರೆ ಸ್ಪಾಟಿನ ಖಾತೆಗೆ 60 ಮಾತ್ರ.

ಹಾಗಾಗಿ ಹೋಲಿಕೆ ಬ್ರೇಕಿಗೂ ಬ್ರೇಕಿಗೂ ಇರಲಿ. ಒಂದು ಇನ್ನಿಂಗ್ಸಿನಲ್ಲಿ ಓವರುಗಳ ನಡುವೆ 19 ಸಂದು ಸಿಗುತ್ತವೆ. ನಾಲ್ಕೈದರಲ್ಲಿ ಸ್ಪಾಟ್ ಸಾಕು, ಒಂದು ಬ್ರೇಕಿಗೆ ಒಂದಕ್ಕಿಂತ ಹೆಚ್ಚು ಬೇಡವೆಂದು ರಿಲೀಸ್ ಆರ್ಡರಿನಲ್ಲೇ (ಚಾನೆಲ್ಲಿಗೆ ಕೊಡುವ ಜಾಹೀರಾತಿನ ಆದೇಶಪತ್ರ) ಬರೆಸಿ. ಇಂಥದೇ ಓವರಿನ ಬ್ರೇಕು ಎಂದು ನಂಬರ್ ಹಿಡಿದು ಯಾರೂ ಕೊಡುವುದಿಲ್ಲ. ಪಂದ್ಯ ಮುಗಿದ ಮೇಲೆ ಮಾನಿಟರಿಂಗ್ ರಿಪೋರ್ಟ್ (ಯಾವ ಸ್ಪಾಟ್ ಯಾವಾಗ ಬಂತೆಂಬ ಪಟ್ಟಿ) ನೋಡಿ ವಿಂಗಡಿಸಿಕೊಳ್ಳಬೇಕು. ಪವರ್‌ಪ್ಲೇ ಬ್ರೇಕನ್ನು ಪವರ್‌ಪ್ಲೇ ಬ್ರೇಕಿನೊಂದಿಗೇ ತೂಗಿ. ಸ್ಪಾಟ್ ಬಂದ ಮರುಬ್ರೇಕನ್ನು ಹೋಲಿಕೆಗೆ ತಗೋಬೇಡಿ, ಅದರಲ್ಲಿ ಹಿಂದಿನದರ ಬಾಲ ಇರುತ್ತದೆ. ವಿಕೆಟ್ ಬಿದ್ದಾಗಿನ ಬ್ರೇಕುಗಳು ಬೇರೆ ಶೀಟಿಗೆ: ರಿಪ್ಲೇ ಎಳೆಯುತ್ತದೆ, ಮನೆಮಂದಿ ಗಲಾಟೆ ಮಾಡುತ್ತಿರುತ್ತಾರೆ.

ಗಡಿಯಾರ ಹೊಂದಿಸುವುದಕ್ಕೇ ಒಂದು ವಾರ ಹೋಯಿತು. ಭೇಟಿಗಳನ್ನು ದಾಖಲಿಸುವ ಸರ್ವರ್ ಲಾಗ್ ಯುಟಿಸಿಯಲ್ಲಿ (ಅಂತರರಾಷ್ಟ್ರೀಯ ಸಮಯ), ರಿಪೋರ್ಟ್ ಸ್ಥಳೀಯ ಸಮಯದಲ್ಲಿ. ಸ್ಟ್ರೀಮಿಂಗ್ ನೋಡುವವರು ಟಿವಿಗಿಂತ ಹತ್ತಾರು ಸೆಕೆಂಡು ಹಿಂದೆ, ಅವರಿಗೆ ಕಾಣುವ ಜಾಹೀರಾತೂ ಬೇರೆ. ಸ್ಟ್ರೀಮಿಂಗ್ ಆ್ಯಪ್ಪಿನ ಜಾಹೀರಾತಿನಿಂದ ಬಂದ ಭೇಟಿಗಳನ್ನು ಮೊದಲೇ ತೆಗೆದುಬಿಡಿ.

30 ಸೆಕೆಂಡಿನ ಫಿಲ್ಮನ್ನು 10ಕ್ಕೆ ಕತ್ತರಿಸುವಾಗ ಹೆಸರು ಮೊದಲೆರಡು ಸೆಕೆಂಡಿನಲ್ಲೇ ಬರಬೇಕು. ಬೌಲರ್ ಓಡಲು ಶುರುಮಾಡಿದರೆ ಕಂಟ್ರೋಲ್ ರೂಮಿನವರು ಕೊನೆಯ ಫ್ರೇಮಿಗೆ ಕಾಯುವುದಿಲ್ಲ. ಅಕ್ಷರ ದಪ್ಪ ಇರಲಿ; ಗದ್ದಲದಲ್ಲಿ ದನಿ ಯಾರಿಗೂ ಕೇಳುವುದಿಲ್ಲ.

ನಡುವೆ ಎಲ್-ಬ್ಯಾಂಡನ್ನೂ (ಆಟದ ಚಿತ್ರ ಕುಗ್ಗಿಸಿ ಪಕ್ಕ ಮತ್ತು ಕೆಳಗೆ ಎಲ್ ಆಕಾರದಲ್ಲಿ ತೋರಿಸುವ ಜಾಹೀರಾತು) ಪರೀಕ್ಷಿಸಿದ್ದಾಯಿತು. ಚೆಂಡು ಆಟದಲ್ಲಿದ್ದಾಗ ಎಲ್ಲರಿಗೂ ಕಾಣುತ್ತದೆ, ಭೇಟಿ ಮಾತ್ರ ಹೆಚ್ಚುಕಡಿಮೆ ಸೊನ್ನೆ. ಮರುದಿನ ಹೆಸರಿನ ಹುಡುಕಾಟ ಚೂರು ಏರಿದಂತಿತ್ತು, ಪ್ರಮಾಣ ಮಾಡಿ ಹೇಳಲಾರೆ.

ಇಷ್ಟಾದ ಮೇಲೆ ಒಂದು ಹೆಚ್ಚುವರಿ ಭೇಟಿಗೆ ಬೀಳುತ್ತಿದ್ದ ಖರ್ಚು ಅರ್ಧಕ್ಕಿಂತ ಕೆಳಗಿಳಿಯಿತು. ಕೊನೆಯ ನಾಲ್ಕು ಓವರಿಗೆ ಎಷ್ಟು ಸ್ಪಾಟ್ ಎತ್ತಿಡುತ್ತೇವೆ ಎಂಬುದು ಹೊಟ್ಟೆಪಾಡಿನ ಗುಟ್ಟು, ಇಲ್ಲಿ ಬೇಡ.

ಮಳೆಗೆ ಮೊಟಕಾದ ಪಂದ್ಯಗಳನ್ನು ಶೀಟಿನಿಂದ ತೆಗೆದರೂ ಬಿಲ್ಲಿನ ಕಡತದಲ್ಲಿ ಇಟ್ಟುಕೊಳ್ಳಿ. ಬಾರದ ಸ್ಪಾಟುಗಳಿಗೆ ಮೇಕ್‌ಗುಡ್ (ಬದಲಿ ಸ್ಪಾಟ್) ಕೇಳುವಾಗ ಬೇಕಾಗುತ್ತದೆ. ಬದಲಿಗೆ ಮಧ್ಯರಾತ್ರಿಯ ಹೈಲೈಟ್ಸ್ ಕೊಡಲು ಬಂದರೆ ಒಪ್ಪಬೇಡಿ.