ಒಂಟಿಯಾಗಿರುವ ಹಿರಿಯರಿಗೆ ತುರ್ತು ಗುಂಡಿ: ಆರಿಸುವುದು, ಹೊಂದಿಸುವುದು ಹೇಗೆ?

ನನ್ನ ದೊಡ್ಡಮ್ಮ ಒಂದು ರಾತ್ರಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಕೊರಳಿಗೆ ಹಾಕಿಕೊಳ್ಳುವ, ಒತ್ತಿದರೆ ನೆರವಿಗೆ ಕರೆ ಹೋಗುವ ತುರ್ತು ಗುಂಡಿ ಅವರ ಬಳಿ ಇತ್ತು. ಸ್ನಾನಕ್ಕೆಂದು ಬಿಚ್ಚಿಟ್ಟಿದ್ದರಿಂದ ಅದು ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಬಿದ್ದಲ್ಲಿಂದ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಎಟುಕುತ್ತಿರಲಿಲ್ಲ. ಬೆಳಗ್ಗೆ ಮಗಳ ಫೋನಿಗೆ ಉತ್ತರ ಬಾರದೆ ಹೋದಾಗಲೇ ವಿಷಯ ತಿಳಿದದ್ದು. ಅಂದಿನಿಂದ ಈ ಸಾಧನದ ಬಗ್ಗೆ ಯಾರು ಸಲಹೆ ಕೇಳಿದರೂ ನಾನು ಮೊದಲು ಕೇಳುವುದು ಇಷ್ಟೇ: ಸ್ನಾನ ಮಾಡುವಾಗ ಅದು ಎಲ್ಲಿರುತ್ತದೆ?

ಬೀಳುವುದಕ್ಕಿಂತ ಬಿದ್ದಲ್ಲೇ ಉಳಿಯುವುದು ಎಷ್ಟೋ ಸಲ ಹೆಚ್ಚು ಅಪಾಯಕಾರಿ. ಮೂಳೆ ಮುರಿಯದಿದ್ದರೂ ತಣ್ಣನೆಯ ನೆಲದಲ್ಲಿ ಗಂಟೆಗಟ್ಟಲೆ ಬಿದ್ದಿದ್ದರೆ ಮೈಯ ಉಷ್ಣತೆ ಇಳಿಯುತ್ತದೆ, ನೀರಿನಂಶ ಕಡಿಮೆಯಾಗುತ್ತದೆ, ಒತ್ತಡ ಬಿದ್ದ ಜಾಗದಲ್ಲಿ ಹುಣ್ಣಾಗುತ್ತದೆ. ಮೈಭಾರದ ಅಡಿ ಸಿಕ್ಕಿದ ಸ್ನಾಯು ನಶಿಸಿ, ಅದರ ಪ್ರೋಟೀನ್ ರಕ್ತ ಸೇರಿ ಮೂತ್ರಪಿಂಡಕ್ಕೇ ಪೆಟ್ಟು ಕೊಡಬಹುದು. 90 ದಾಟಿದವರನ್ನು ಕುರಿತ ಕೇಂಬ್ರಿಡ್ಜ್‌ನ ಅಧ್ಯಯನವೊಂದು 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ನೆರವಿಗೆ ಕರೆಯುವ ಇಂಥ ಅಲಾರಂ ಅವರಲ್ಲಿ ಅನೇಕರ ಬಳಿ ಇತ್ತು; ಆದರೆ ಬಿದ್ದು ಬಹಳ ಹೊತ್ತು ನೆಲದಲ್ಲೇ ಉಳಿದ ಹೆಚ್ಚಿನ ಪ್ರಸಂಗಗಳಲ್ಲಿ ಅದನ್ನು ಯಾರೂ ಬಳಸಿರಲಿಲ್ಲ. ಆದ್ದರಿಂದ ಕೊಳ್ಳುವುದು ಅರ್ಧ ಕೆಲಸ ಮಾತ್ರ.

ಕರೆ ಯಾರಿಗೆ ಹೋಗಬೇಕು?

ಅಂಗಡಿಗೆ ಹೋಗುವ ಮೊದಲೇ ಇದು ತೀರ್ಮಾನವಾಗಬೇಕು. ಒಂದು ಬಗೆಯ ಸಾಧನ ಹಗಲಿರುಳೂ ಸಿಬ್ಬಂದಿ ಇರುವ ನಿಗಾ ಕೇಂದ್ರಕ್ಕೆ ಕರೆ ಮಾಡುತ್ತದೆ. ಅದಕ್ಕೆ ತಿಂಗಳ ಶುಲ್ಕವಿರುತ್ತದೆ. ಇನ್ನೊಂದು ಬಗೆಯದು ನೀವು ತುಂಬಿಸಿದ ನಂಬರುಗಳಿಗೆ ಒಂದಾದ ಮೇಲೊಂದರಂತೆ ಕರೆ ಮಾಡುತ್ತದೆ. ಎರಡನೆಯದರಲ್ಲಿ ಒಂದು ತೊಡಕಿದೆ. ಮೊದಲ ನಂಬರಿನವರು ಫೋನ್ ಎತ್ತದೆ ಕರೆ ವಾಯ್ಸ್‌ಮೇಲ್‌ಗೆ ಹೋದರೆ, ಕೆಲವು ಸಾಧನಗಳು ಉತ್ತರ ಸಿಕ್ಕಿತೆಂದೇ ತಿಳಿದು ಮುಂದಿನ ನಂಬರನ್ನು ಪ್ರಯತ್ನಿಸುವುದಿಲ್ಲ. ಕರೆ ಸ್ವೀಕರಿಸಿದವರು ಫೋನಿನ ಒಂದು ಕೀಲಿ ಒತ್ತಿ ಖಚಿತಪಡಿಸಲೇಬೇಕಾದ ಮಾದರಿಯನ್ನೇ ಕೇಳಿ ಪಡೆಯಿರಿ. ಪಟ್ಟಿಯ ಮೊದಲ ಹೆಸರು ದೂರದ ಊರಿನ ಮಗನದಾಗಿರುವುದಕ್ಕಿಂತ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರಬಲ್ಲ ನೆರೆಯವರದಾಗಿದ್ದರೆ ಒಳ್ಳೆಯದು.

ಕೊರಳಿಗೋ, ಕೈಗೋ?

ಕೊರಳಿನ ಗುಂಡಿಯನ್ನು ಯಾವ ಕೈಯಿಂದಲಾದರೂ ಒತ್ತಬಹುದು. ಕೈಗೆ ಕಟ್ಟಿದ್ದನ್ನು ಒತ್ತಲು ಇನ್ನೊಂದು ಕೈ ಬೇಕು. ಪಾರ್ಶ್ವವಾಯುವಿನಿಂದ ಒಂದು ಕೈ ಸೋತಿದ್ದರೆ ಸೋತ ಕೈಗೇ ಕಟ್ಟಬೇಕು, ಆಗ ಗಟ್ಟಿ ಇರುವ ಕೈ ಒತ್ತುವುದಕ್ಕೆ ಬಿಡುವಾಗಿರುತ್ತದೆ. ಕೊರಳಿನ ದಾರ ಎಲ್ಲಾದರೂ ಸಿಕ್ಕಿಕೊಂಡು ಬಿಗಿದರೆ ಉಸಿರುಗಟ್ಟಬಹುದು. ಜೋರಾಗಿ ಎಳೆದಾಗ ತಾನೇ ಬಿಚ್ಚಿಕೊಳ್ಳುವ ಕೊಂಡಿ ಇರುವುದನ್ನೇ ಆರಿಸಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ವೈದ್ಯರನ್ನು ಕೇಳದೆ ಕೊರಳಿಗೆ ಹಾಕಬೇಡಿ. ಅಯಸ್ಕಾಂತವಿರುವ ಸಾಧನಗಳನ್ನು ಪೇಸ್‌ಮೇಕರ್‌ನಿಂದ ಸುಮಾರು 15 ಸೆಂಟಿಮೀಟರ್ ದೂರವಿಡಬೇಕೆಂಬುದು ಸಾಮಾನ್ಯ ಸಲಹೆ.

ಬೆರಳಿನ ಬಲವನ್ನೂ ನೋಡಿ. ಸಂಧಿವಾತವಿರುವ ಬೆರಳಿಗೆ ಸಣ್ಣ, ಗಟ್ಟಿ ಗುಂಡಿ ಸೋಲುಣಿಸುತ್ತದೆ. ಅಂಗಡಿಯಲ್ಲಿ ನೀವು ಒತ್ತಿ ನೋಡಿದರೆ ಸಾಲದು, ಧರಿಸುವವರೇ ಒತ್ತಿ ನೋಡಬೇಕು.

ನೀರು ಮತ್ತು ಬ್ಯಾಟರಿ

ಐಪಿಎಕ್ಸ್7 ಎಂಬ ಗುರುತಿದ್ದರೆ ಸಾಧನ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದರ್ಥ. ಸ್ನಾನಕ್ಕೆ ಅಷ್ಟು ಸಾಕು. ದೊಡ್ಡಮ್ಮನ ಗುಂಡಿಗೂ ಈ ಗುರುತಿತ್ತು. ಅದರ ಅರ್ಥವನ್ನು ಅವರಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಈಗ ಬಾಗಿಲ ಹಿಂದಿನ ಆ ಮೊಳೆಯನ್ನು ಕಿತ್ತುಹಾಕಿದ್ದೇವೆ.

ದಿನವೂ ಚಾರ್ಜ್ ಮಾಡಬೇಕಾದ ಸಾಧನವನ್ನು ರಾತ್ರಿ ಚಾರ್ಜಿಗೆ ಹಾಕುವ ರೂಢಿ ತಪ್ಪು. ಕತ್ತಲಲ್ಲಿ ನಿದ್ದೆಗಣ್ಣಿನಲ್ಲಿ ಶೌಚಾಲಯಕ್ಕೆ ಏಳುವ ಹೊತ್ತಿಗೇ ಅದು ಮೈಮೇಲೆ ಬೇಕು. ಹಗಲಿನಲ್ಲಿ ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುವಾಗ, ಕೈಗೆಟುಕುವಂತೆ ಪಕ್ಕದಲ್ಲೇ ಇಟ್ಟು ಚಾರ್ಜ್ ಮಾಡಲಿ. ದಿನದ ಚಾರ್ಜು ಮರೆತುಹೋಗುವವರಿಗೆ ವರ್ಷಗಟ್ಟಲೆ ಬಾಳುವ ಬ್ಯಾಟರಿಯ ಸರಳ ಗುಂಡಿಯೇ ಸರಿ. ಸ್ಥಿರ ದೂರವಾಣಿಗೆ ಜೋಡಿಸುವ ಬಗೆಯದಾದರೆ ವಿದ್ಯುತ್ ಹೋದಾಗಲೂ ಗುಂಡಿಯ ಸಂಕೇತ ಹಿಡಿದು ಕರೆ ಮಾಡುವ ಮೂಲ ಪೆಟ್ಟಿಗೆ ಮತ್ತು ಫೋನ್ ಸಂಪರ್ಕ ಎರಡೂ ಕೆಲಸ ಮಾಡುತ್ತವೆಯೇ ಎಂದು ಕೇಳಿ. ಸಿಮ್ ಇರುವ ಬಗೆಯದಾದರೆ ಅದು ಹಳೆಯ ಮೊಬೈಲ್ ಜಾಲಗಳಾದ 2ಜಿ, 3ಜಿಯನ್ನೇ ನಂಬಿಕೊಂಡಿರಬಾರದು. ಆ ಜಾಲಗಳನ್ನು ಅನೇಕ ದೇಶಗಳು ಮುಚ್ಚುತ್ತಿವೆ.

ಬಿದ್ದದ್ದನ್ನು ತಾನೇ ಗುರುತಿಸುವ ಸಾಧನ

ಪ್ರಜ್ಞೆ ತಪ್ಪಿದವರು ಗುಂಡಿ ಒತ್ತಲಾರರು. ಅದಕ್ಕಾಗಿ ಕೆಲವು ಸಾಧನಗಳಲ್ಲಿ ವೇಗೋತ್ಕರ್ಷ, ಅಂದರೆ ವೇಗದ ಬದಲಾವಣೆ ಅಳೆಯುವ ಸಂವೇದಕವಿರುತ್ತದೆ. ಮೈ ಥಟ್ಟನೆ ಕೆಳಗಿಳಿದು, ಪೆಟ್ಟು ಬಿದ್ದು, ಆಮೇಲೆ ಚಲನೆ ನಿಂತರೆ ಅದು ಕರೆ ಮಾಡುತ್ತದೆ. ಆ್ಯಪಲ್ ವಾಚ್‌ಗೆ ಈ ಸೌಲಭ್ಯ 2018ರಲ್ಲಿ ಬಂತು; ಬಿದ್ದವರು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ಅದು ತುರ್ತು ಸೇವೆಗೆ ಕರೆ ಮಾಡುತ್ತದೆ. ಆದರೆ ಕುರ್ಚಿಯಿಂದ ಮೆಲ್ಲನೆ ಜಾರುವುದು, ಗೋಡೆಗೊರಗಿ ಕುಸಿಯುವುದು ಇಂಥ ಸಂವೇದಕಗಳ ಕಣ್ಣು ತಪ್ಪಿಸಬಹುದು. ಹಿರಿಯರು ಬೀಳುವುದು ಹಲವು ಸಲ ಹೀಗೆಯೇ. ಅದಿದೆಯೆಂದು ಗುಂಡಿ ಒತ್ತುವುದನ್ನು ಕಲಿಸದೆ ಬಿಡಬೇಡಿ.

ಬಾಗಿಲು ತೆರೆಯುವುದು ಹೇಗೆ?

ನೆರವಿಗೆ ಬಂದವರು ಹೊರಗೇ ನಿಂತರೆ ಏನು ಫಲ? ಕರೆ ಸ್ವೀಕರಿಸುವ ಇಬ್ಬರ ಬಳಿಯಾದರೂ ಬೀಗದ ಕೈ ಇರಲಿ, ಇಲ್ಲವೇ ಅಂಕಿಗಳಿಂದ ತೆರೆಯುವ ಕೀಲಿಪೆಟ್ಟಿಗೆಯನ್ನು ಹೊರಗೆ ಅಳವಡಿಸಿ. ಒಳಗಿನ ಅಗುಳಿ ಹಾಕಿಕೊಂಡು ಮಲಗುವ ಅಭ್ಯಾಸವಿದ್ದರೆ ಬೀಗದ ಕೈ ಇದ್ದೂ ಉಪಯೋಗವಿಲ್ಲ. ಹೊರಗಿನಿಂದಲೂ ತೆರೆಯಬಹುದಾದ ಬೀಗಕ್ಕೆ ಬದಲಾಯಿಸಿ. ಬಚ್ಚಲಿನ ಚಿಲಕಕ್ಕೂ ಇದೇ ಮಾತು. ಇರುವ ಜಾಗವನ್ನು ತೋರಿಸುವ ಜಿಪಿಎಸ್ ಮನೆಯೊಳಗೆ ಸರಿಯಾಗಿ ಸಿಗದಿರಬಹುದು. ವಿಳಾಸ, ಕಾಯಿಲೆ, ಔಷಧಗಳ ವಿವರವನ್ನು ನಿಗಾ ಕೇಂದ್ರಕ್ಕೆ ಮೊದಲೇ ಬರೆದು ಕೊಡಿ.

ಒತ್ತಿ ನೋಡಿ

ಮೊದಲ ದಿನವೇ ಹಿರಿಯರಿಂದಲೇ ಒತ್ತಿಸಿ. ಬಚ್ಚಲಿನ ಬಾಗಿಲು ಮುಚ್ಚಿ, ನಲ್ಲಿ ಬಿಟ್ಟು ಒತ್ತಲಿ. ಆಚೆಯವರ ಮಾತು ಒಳಗೆ ಕೇಳುತ್ತದೆಯೇ? ಹಾಸಿಗೆಯಲ್ಲಿ ಬೋರಲು ಮಲಗಿ ಒತ್ತಲಿ. ಎದೆಯಡಿ ಸಿಕ್ಕ ಗುಂಡಿಗೆ ಕೈ ಹೋಗುತ್ತದೆಯೇ? ಅಂಗಳದ ತುದಿಗೆ ಹೋಗಿ ಒತ್ತಲಿ. ಅಲ್ಲಿವರೆಗೆ ಸಂಕೇತ ಮುಟ್ಟುತ್ತದೆಯೇ?

ಎಲ್ಲಕ್ಕಿಂತ ಕಷ್ಟದ ಕೆಲಸ ಸಂಕೋಚ ಬಿಡಿಸುವುದು. ‘ಇಷ್ಟಕ್ಕೆಲ್ಲ ಯಾರಿಗೆ ತೊಂದರೆ ಕೊಡಲಿ’, ‘ಆಸ್ಪತ್ರೆಗೆ ಸೇರಿಸಿಬಿಟ್ಟರೆ’ ಎಂದು ನೆಲದಲ್ಲೇ ಕಾಯುವವರಿದ್ದಾರೆ. ಇದನ್ನು ಉಪದೇಶದಿಂದ ಬಿಡಿಸಲಾಗದು. ತಿಂಗಳಿಗೊಮ್ಮೆ ದಿನ ಗೊತ್ತುಮಾಡಿ ಒತ್ತಿಸಿ, ಆಚೆ ಕಡೆಯಿಂದ ನೀವೇ ಮಾತನಾಡಿ, ಕ್ಷೇಮ ಕೇಳಿ. ತಪ್ಪಿ ಒತ್ತಿದ ದಿನ ಗದರಬೇಡಿ. ಒಮ್ಮೆ ಗದರಿಸಿಕೊಂಡವರು ನಿಜವಾಗಿ ಬಿದ್ದ ದಿನ ಒತ್ತಲು ಹಿಂಜರಿಯುತ್ತಾರೆ.